ಗೋಳಕ್ಕೊಂದು ಪಾಲುಪಟ್ಟಿ

ಅಂಕಿಅಂಶಗಳನ್ನು ಚೆಂಡು, ಶಂಕು, ಪೀಪಾಯಿಗಳಲ್ಲಿ ತುಂಬಿ ತೋರಿಸುವ ಚಿತ್ರಗಳು ಪತ್ರಿಕೆ, ಟೀವಿ, ಕಚೇರಿಯ ಸ್ಲೈಡುಗಳಲ್ಲಿ ಮಾಮೂಲಿ. ಆ ಆಕೃತಿಗಳನ್ನು ಲೆಕ್ಕಕ್ಕೆ ತಕ್ಕಂತೆ ಹೋಳು ಮಾಡುವುದು ಹೇಗೆ? ಆರ್ಕಿಮಿಡೀಸ್ ಎತ್ತಿಕೊಂಡಿದ್ದ ಈ ಪ್ರಶ್ನೆಗೆ ಇವತ್ತು ಕಂಪ್ಯೂಟರಿನಲ್ಲಿ ಒಂದೇ ಸಾಲಿನ ಉತ್ತರವಿದೆ. ಉತ್ತರ ಸರಿಯಿದ್ದೂ ಚಿತ್ರ ದಾರಿ ತಪ್ಪಿಸಬಹುದು ಎಂಬುದೇ ಇಲ್ಲಿನ ಸ್ವಾರಸ್ಯ.

ಒಂದು ಸಂಸಾರದ ತಿಂಗಳ ಆದಾಯ ಹೀಗೆ ಹಂಚಿಹೋಗುತ್ತದೆ ಎಂದುಕೊಳ್ಳಿ: ನೂರರಲ್ಲಿ 50 ಮನೆಖರ್ಚಿಗೆ, 30 ಸಾಲದ ಕಂತಿಗೆ, 20 ಉಳಿತಾಯಕ್ಕೆ. ಇದನ್ನು ನೆಲದ ಮೇಲೆ ನಿಂತ ಒಂದು ಶಂಕುವಿನಲ್ಲಿ ತೋರಿಸಬೇಕು. ತುದಿಯಲ್ಲಿ ಉಳಿತಾಯ, ನಡುವೆ ಕಂತು, ಬುಡದಲ್ಲಿ ಮನೆಖರ್ಚು. ಅವಸರದಲ್ಲಿರುವ ಚಿತ್ರಕಾರ ಶಂಕುವಿನ ಎತ್ತರವನ್ನು ಅಳೆದು, ತುದಿಯಿಂದ ನೂರಕ್ಕೆ 20ರಲ್ಲಿ ಒಂದು ಗೆರೆ, 50ರಲ್ಲಿ ಇನ್ನೊಂದು ಗೆರೆ ಎಳೆದು ಬಣ್ಣ ತುಂಬುತ್ತಾನೆ. ಎತ್ತರದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಶಂಕು ಘನಾಕೃತಿ. ಅದರ ಘನಫಲ ಎತ್ತರದ ಘನದಂತೆ, ಅಂದರೆ ಎತ್ತರವನ್ನು ಎತ್ತರದಿಂದಲೇ ಎರಡು ಸಲ ಗುಣಿಸಿದಂತೆ, ಬೆಳೆಯುತ್ತದೆ. ಹೀಗಾಗಿ ಆ ಚಿತ್ರದಲ್ಲಿ ಉಳಿತಾಯಕ್ಕೆ ಸಿಕ್ಕಿದ್ದು ಇಡೀ ಶಂಕುವಿನ ನೂರರಲ್ಲಿ 0.8 ಪಾಲು, ಕಂತಿಗೆ 11.7, ಮನೆಖರ್ಚಿಗೆ 87.5. ಐದರಲ್ಲೊಂದು ಪಾಲು ಉಳಿಸುವ ಸಂಸಾರ ಚಿತ್ರದಲ್ಲಿ ಬರಿಗೈಯಾಗಿ ನಿಂತಿದೆ.

ಸರಿ, ಘನಫಲವನ್ನೇ ಸರಿಯಾಗಿ ಹಂಚೋಣ ಎಂದರೆ ಘನಮೂಲ ತೆಗೆಯಬೇಕು. 0.2ರ ಘನಮೂಲ 0.585, 0.5ರ ಘನಮೂಲ 0.794. ತುದಿಯಿಂದ ಎತ್ತರದ ನೂರಕ್ಕೆ 58.5ರಲ್ಲಿ ಒಂದು ಗೆರೆ, 79.4ರಲ್ಲಿ ಮತ್ತೊಂದು. ಈಗ ಗಣಿತ ಚೊಕ್ಕವಾಗಿದೆ. ಚಿತ್ರವನ್ನೊಮ್ಮೆ ನೋಡಿ. 20 ಪಾಲಿನ ಉಳಿತಾಯ ಶಂಕುವಿನ ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ಆಕ್ರಮಿಸಿಕೊಂಡಿದೆ. 30 ಪಾಲಿನ ಪಟ್ಟಿಯ ದಪ್ಪ 20.9, 50 ಪಾಲಿನದು 20.6, ಎರಡೂ ಹೆಚ್ಚುಕಡಿಮೆ ಒಂದೇ. ಹಾಳೆಯ ಮೇಲೆ ಕಾಣುವ ತ್ರಿಕೋನದ ವಿಸ್ತೀರ್ಣ ಅಳೆದರೆ ಉಳಿತಾಯಕ್ಕೆ 34.2, ಕಂತಿಗೆ 28.8, ಮನೆಖರ್ಚಿಗೆ 37. ಅಂದರೆ 20 ಪಾಲಿನ ಹೋಳು 30 ಪಾಲಿನ ಹೋಳಿಗಿಂತ ದೊಡ್ಡದಾಗಿ ಕಾಣುತ್ತಿದೆ. ಮೊದಲ ಚಿತ್ರ ಗಣಿತ ತಪ್ಪಿ ಸುಳ್ಳಾಯಿತು. ಎರಡನೆಯದು ಗಣಿತ ಸರಿಯಿದ್ದೂ ಕಣ್ಣಿಗೆ ಸುಳ್ಳಾಯಿತು.

ಘನಾಕೃತಿಗಳನ್ನು ಪ್ರಮಾಣಕ್ಕೆ ತಕ್ಕಂತೆ ಕತ್ತರಿಸುವ ಪ್ರೋಗ್ರಾಂ ಬರೆಯುವವರು ಮೊದಲ ದಿನವೇ ಎಡವುವುದು ಇಲ್ಲಿ. ಸೂತ್ರ ಅಷ್ಟೇನೂ ಕಷ್ಟವಲ್ಲ. ಕತ್ತರಿಸುತ್ತಿರುವುದು ಏನನ್ನು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳುವುದು ಕಷ್ಟ.

ಆರ್ಕಿಮಿಡೀಸನ ಬಾಕಿ ಲೆಕ್ಕ

ಶಂಕುವಿಗೆ ಘನಮೂಲ ಸಾಕು. ಗೋಳ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿಸಿಲಿಯ ಸಿರಾಕ್ಯೂಸ್ ಊರಿನಲ್ಲಿದ್ದ ಆರ್ಕಿಮಿಡೀಸ್ ಗೋಳ ಮತ್ತು ಸಿಲಿಂಡರ್ ಕುರಿತ ತನ್ನ ಗ್ರಂಥದ ಎರಡನೇ ಭಾಗದಲ್ಲಿ ಈ ಪ್ರಶ್ನೆ ಎತ್ತುತ್ತಾನೆ: ಕೊಟ್ಟ ಗೋಳವನ್ನು ಒಂದು ಸಮತಲದಿಂದ ಕತ್ತರಿಸಿ, ಎರಡು ಹೋಳುಗಳ ಘನಫಲ ಕೊಟ್ಟ ಅನುಪಾತದಲ್ಲೇ ಇರುವಂತೆ ಮಾಡುವುದು ಹೇಗೆ? ಅಂಕಿಅಂಶದ ಚಿತ್ರ ಬರೆಯುವವನ ಪ್ರಶ್ನೆಯೂ ಇದೇ, ಅಕ್ಷರಶಃ.

ಉತ್ತರದ ಒಂದು ಭಾಗವನ್ನು ಮುಂದೆ ಕೊಡುವೆನೆಂದು ಆರ್ಕಿಮಿಡೀಸ್ ಹೇಳಿದ. ಆ ಭಾಗ ಕಳೆದುಹೋಯಿತು. ಕ್ರಿಸ್ತಶಕ 6ನೇ ಶತಮಾನದಲ್ಲಿ ಯೂಟೋಷಿಯಸ್ ಎಂಬ ವ್ಯಾಖ್ಯಾನಕಾರ ಒಂದು ಹಳೆಯ ಹೊತ್ತಗೆಯಲ್ಲಿ ಅದರ ಜಾಡು ಹಿಡಿದ. ಅಲ್ಲಿದ್ದ ಪರಿಹಾರಕ್ಕೆ ಅಳತೆಪಟ್ಟಿ, ಕೈವಾರ ಸಾಲುತ್ತಿರಲಿಲ್ಲ. ಪರವಲಯ, ಅತಿಪರವಲಯಗಳನ್ನು ಎಳೆದು ಅವು ಸಂಧಿಸುವ ಬಿಂದುವನ್ನು ಹಿಡಿಯಬೇಕಿತ್ತು. 9ನೇ ಶತಮಾನದಲ್ಲಿ ಅಲ್-ಮಾಹಾನಿ ಎಂಬ ಗಣಿತಜ್ಞ ಇದನ್ನು ಬೀಜಗಣಿತಕ್ಕೆ ಇಳಿಸಿ ಒಂದು ಘನ ಸಮೀಕರಣವಾಗಿ ಬರೆದ, ಬಿಡಿಸಲಾರದೆ ಕೈಬಿಟ್ಟ. ನಮ್ಮಲ್ಲಿ ರುಬಾಯಿಗಳ ಕವಿಯೆಂದೇ ಹೆಸರಾದ ಉಮರ್ ಖಯ್ಯಾಮ್ ಈ ಕಥೆಯನ್ನು ತನ್ನ ಬೀಜಗಣಿತದ ಗ್ರಂಥದಲ್ಲಿ ಹೇಳಿ, ಇಂಥ ಘನ ಸಮೀಕರಣಗಳನ್ನೆಲ್ಲ ವಿಂಗಡಿಸಿ ವಕ್ರರೇಖೆಗಳ ನೆರವಿನಿಂದ ಬಿಡಿಸಿದ.

ಈ ಲೆಕ್ಕ ಅಷ್ಟು ಕಾಲ ಕಾಡಿದ್ದೇಕೆ ಎಂಬುದು ತ್ರಿಕೋನಮಿತಿಯಿಂದ ನೋಡಿದರೆ ತಿಳಿಯುತ್ತದೆ. ಗೋಳವನ್ನು ಬೇಕಾದ ಪ್ರಮಾಣದಲ್ಲಿ ಕತ್ತರಿಸುವುದು ಒಂದು ಕೋನವನ್ನು ಮೂರು ಸಮಪಾಲು ಮಾಡಿದಂತೆಯೇ. ಅಳತೆಪಟ್ಟಿ, ಕೈವಾರಗಳಿಂದ ಎಲ್ಲ ಕೋನಗಳನ್ನೂ ಹಾಗೆ ಮೂರು ಪಾಲು ಮಾಡಲು ಸಾಧ್ಯವೇ ಇಲ್ಲವೆಂದು ಫ್ರಾನ್ಸಿನ ಪಿಯರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿ ತೋರಿಸಿದ. ಗೋಳದ ನೇರ ಅರ್ಧ ಎಲ್ಲರಿಗೂ ಬರುತ್ತದೆ. ಮೂರನೇ ಒಂದು ಪಾಲು ಕೇಳಿದರೆ ತೊಡಕು ಶುರು.

ಅಂಕಿಗಳಲ್ಲೇ ನೋಡೋಣ. ಗೋಳದ ವ್ಯಾಸವನ್ನು ಮೂರು ಸಮಭಾಗ ಮಾಡಿ ಅಡ್ಡಲಾಗಿ ಕತ್ತರಿಸಿದರೆ ಸಿಗುವ ಘನಫಲಗಳು ನೂರಕ್ಕೆ 25.9, 48.1, 25.9. ನಡುವಿನ ಹೋಳೇ ಹತ್ತಿರಹತ್ತಿರ ಅರ್ಧ ಗೋಳವನ್ನು ನುಂಗುತ್ತದೆ. ಘನಫಲ ಸಮನಾಗಬೇಕಾದರೆ ಕತ್ತರಿ ಬೀಳಬೇಕಾದದ್ದು ಎತ್ತರದ 38.7 ಮತ್ತು 61.3ರಲ್ಲಿ. ಆಗ ನಡುವಿನ ಬಿಲ್ಲೆಯ ದಪ್ಪ ವ್ಯಾಸದ 22.6 ಪಾಲು ಮಾತ್ರ.

ಒಂದೇ ಗೋಳ, ಮೂರು ನ್ಯಾಯ

ಆದರೆ ಓದುಗ ಗೋಳದ ಒಳಗನ್ನು ನೋಡುತ್ತಾನೆಯೇ? ಅವನಿಗೆ ಕಾಣುವುದು ಬಣ್ಣ ಬಳಿದ ಮೇಲ್ಮೈ. ಹಾಗಾದರೆ ಮೇಲ್ಮೈಯ ವಿಸ್ತೀರ್ಣವನ್ನೇ ಪಾಲು ಮಾಡೋಣ ಎಂದರೆ ಮತ್ತೆ ಆರ್ಕಿಮಿಡೀಸನೇ ಎದುರಾಗುತ್ತಾನೆ. ಗೋಳವೊಂದನ್ನು ಅದಕ್ಕೆ ಸರಿಯಾಗಿ ಹಿಡಿಸುವ ಸಿಲಿಂಡರಿನೊಳಗೆ ಇಟ್ಟರೆ, ಯಾವ ಎರಡು ಅಡ್ಡಗೆರೆಗಳ ನಡುವೆ ನೋಡಿದರೂ ಗೋಳದ ಮೇಲ್ಮೈ ಪಟ್ಟಿಗೂ ಸಿಲಿಂಡರಿನ ಪಟ್ಟಿಗೂ ವಿಸ್ತೀರ್ಣ ಒಂದೇ. ಅಂದರೆ ಗೋಳದ ಮೇಲ್ಮೈ ಎತ್ತರಕ್ಕೆ ನೇರ ಪ್ರಮಾಣದಲ್ಲಿ ಹಂಚಿಕೆಯಾಗಿದೆ. ಶಂಕುವಿನಲ್ಲಿ ಪೂರ್ತಿ ಕೆಟ್ಟಿದ್ದ 'ಎತ್ತರ ಅಳೆದು ಗೆರೆ ಎಳೆ' ಎಂಬ ಒರಟು ವಿಧಾನ ಗೋಳದ ಮೇಲ್ಮೈ ಮಟ್ಟಿಗೆ ಕರಾರುವಾಕ್ಕು. ಗೋಳ ಮತ್ತು ಸಿಲಿಂಡರಿನ ನಂಟು ಆರ್ಕಿಮಿಡೀಸನಿಗೆ ಎಷ್ಟು ಪ್ರಿಯವಾಗಿತ್ತೆಂದರೆ ಅವನ ಸಮಾಧಿಯ ಮೇಲೆ ಇವೆರಡರ ಆಕೃತಿಯನ್ನೇ ಇಡಲಾಗಿತ್ತು. ಕ್ರಿಸ್ತಪೂರ್ವ 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಹೋದ ರೋಮಿನ ಸಿಸೆರೊ, ಪೊದೆ ಮುಚ್ಚಿದ್ದ ಆ ಸಮಾಧಿಯನ್ನು ಗುರುತು ಹಿಡಿದದ್ದು ಈ ಆಕೃತಿಗಳಿಂದಲೇ.

ಮೂರನೆಯ ನ್ಯಾಯವೊಂದಿದೆ. ಪರದೆಯಾಗಲಿ ಕಾಗದವಾಗಲಿ ಚಪ್ಪಟೆ. ಅಲ್ಲಿ ಗೋಳ ಬರಿಯ ವೃತ್ತವಾಗಿ ಬೀಳುತ್ತದೆ. ಕಣ್ಣಿಗೆ ಬೀಳುವ ಬಣ್ಣದ ಹರವು ಆ ವೃತ್ತದ ವಿಸ್ತೀರ್ಣ. ಅದನ್ನು ಮೂರು ಸಮಪಾಲು ಮಾಡಬೇಕಾದರೆ ಮೊದಲ ಗೆರೆ ಬೀಳುವುದು ಎತ್ತರದ 36.8ರಲ್ಲಿ. ಹೀಗೆ ಒಂದೇ ಗೋಳ, ಒಂದೇ 'ಮೂರನೇ ಒಂದು ಪಾಲು', ಆದರೆ ಗೆರೆಗೆ ಮೂರು ಜಾಗ: ಮೇಲ್ಮೈಯ ಲೆಕ್ಕಕ್ಕೆ 33.3, ನೋಟದ ಲೆಕ್ಕಕ್ಕೆ 36.8, ಘನಫಲದ ಲೆಕ್ಕಕ್ಕೆ 38.7. ಮೂರೂ ಸರಿ. ಯಾವುದನ್ನು ಆರಿಸಿಕೊಂಡೆವು ಎಂದು ಹೇಳದಿದ್ದರೆ ಮೂರೂ ತಪ್ಪು.

ಅಡ್ಡ ಕತ್ತರಿಸುವ ಹಟ ಬಿಟ್ಟರೆ ಈ ಜಗಳ ಅರ್ಧ ತೀರುತ್ತದೆ. ಗೋಳವನ್ನು ಅಕ್ಷದ ಮೂಲಕ ಉದ್ದಕ್ಕೆ, ಕಿತ್ತಳೆಯ ತೊಳೆಗಳಂತೆ ಬಿಡಿಸಿದರೆ, ಪ್ರತಿ ತೊಳೆಯ ಕೋನಕ್ಕೆ ತಕ್ಕಷ್ಟೇ ಘನಫಲ, ಅಷ್ಟೇ ಮೇಲ್ಮೈ. 20 ಪಾಲು ಎಂದರೆ 72 ಡಿಗ್ರಿ, ಮುಗಿಯಿತು. ಗೋಳಕ್ಕಷ್ಟೇ ಅಲ್ಲ, ಶಂಕು, ಸಿಲಿಂಡರ್, ಹೂಜಿ, ಅಕ್ಷದ ಸುತ್ತ ತಿರುಗಿಸಿ ಮಾಡಿದ ಯಾವ ಆಕೃತಿಗೂ ಇದು ಅನ್ವಯ. ತೊಂದರೆ ಒಂದೇ: ಹಿಂಬದಿಯ ತೊಳೆಗಳು ಕಾಣುವುದಿಲ್ಲ.

ಒಂದೇ ಸಾಲಿನ ಉತ್ತರ

ಅಂಕಿಅಂಶದ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಆರ್' ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ. ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅದರ ಕರ್ತೃಗಳು. ಆರ್ ಬಲ್ಲವರು ಗೋಳದ ಸಮಸ್ಯೆಯನ್ನು ಬೇರೆಯೇ ದಿಕ್ಕಿನಿಂದ ನೋಡುತ್ತಾರೆ.

ಗೋಳದೊಳಗೆ ಒಂದು ಲಕ್ಷ ಬಿಂದುಗಳನ್ನು ಎಲ್ಲೂ ದಟ್ಟವಾಗದಂತೆ ಎರಚಿದ್ದೇವೆ ಎಂದುಕೊಳ್ಳಿ. ಪ್ರತಿ ಬಿಂದು ತಳದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದು, ಆ ಲಕ್ಷ ಎತ್ತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಮೂರನೇ ಒಂದು ಭಾಗದಷ್ಟು ಬಿಂದುಗಳು ಮುಗಿಯುವ ಎತ್ತರವೇ ನಮಗೆ ಬೇಕಾದ ಕತ್ತರಿಯ ಜಾಗ. ಪರೀಕ್ಷೆಯ ಫಲಿತಾಂಶದಲ್ಲಿ 'ಕೆಳಗಿನ ಕಾಲು ಭಾಗದ ವಿದ್ಯಾರ್ಥಿಗಳ ಗರಿಷ್ಠ ಅಂಕ ಎಷ್ಟು' ಎಂದು ಕೇಳಿದಂತೆಯೇ ಇದು. ಘನಾಕೃತಿಯನ್ನು ಪಾಲು ಮಾಡುವುದು ಜ್ಯಾಮಿತಿಯ ಕೆಲಸ ಎಂದುಕೊಂಡಿದ್ದೆವು. ಅದು ಅಂಕಿಅಂಶಶಾಸ್ತ್ರದ ಮೊದಲ ಪಾಠವೇ ಆಗಿತ್ತು.

ಆ ಎತ್ತರಗಳು ಹರಡಿರುವ ರೀತಿಗೆ ಪುಸ್ತಕಗಳಲ್ಲಿ ಆಗಲೇ ಹೆಸರಿದೆ: ಬೀಟಾ ವಿತರಣೆ. ಅದನ್ನು ರೂಪಿಸುವುದು ಎರಡು ಸಂಖ್ಯೆಗಳು. ಗೋಳದ ಘನಫಲಕ್ಕೆ ಅವು 2 ಮತ್ತು 2. ಆರ್‌ನಲ್ಲಿ 'ಕ್ಯೂಬೀಟಾ' ಎಂಬ ಆಜ್ಞೆಗೆ ಮೂರನೇ ಒಂದು, 2, 2 ಎಂದು ಕೊಟ್ಟರೆ 0.387 ಎಂದು ಉತ್ತರ ಬರುತ್ತದೆ. ಅಲ್-ಮಾಹಾನಿ ಕೈಬಿಟ್ಟ ಲೆಕ್ಕ ಗುಂಡಿ ಒತ್ತುವಷ್ಟರಲ್ಲಿ ಮುಗಿಯಿತು. ಅದೇ ಆಜ್ಞೆಗೆ 2ರ ಬದಲು ಎರಡೂ ಕಡೆ 1 ಕೊಟ್ಟರೆ ಮೇಲ್ಮೈಯ ಉತ್ತರ, 1.5 ಕೊಟ್ಟರೆ ಹಾಳೆಯ ಮೇಲಿನ ವೃತ್ತದ ಉತ್ತರ. ಶಂಕುವಿಗಾದರೆ ತುದಿಯಿಂದ ಅಳೆದು 3 ಮತ್ತು 1 ಕೊಡಬೇಕು. ಇಳಿಜಾರು ಮೇಲ್ಮೈಗೂ ಕಾಣುವ ತ್ರಿಕೋನಕ್ಕೂ 2 ಮತ್ತು 1. ಮೇಲೆ ಹೇಳಿದ ನ್ಯಾಯಗಳೆಲ್ಲ ಒಂದೇ ಆಜ್ಞೆಯ ಎರಡು ಅಂಕಿಗಳಲ್ಲಿ ಅಡಗಿವೆ. ಅಂಕಿ ಬದಲಿಸಿದವರಿಗೆ ಏಕೆ ಬದಲಿಸಿದೆವು ಎಂಬುದು ಗೊತ್ತಿರಬೇಕು, ಅಷ್ಟೆ.

ಹೂಜಿ, ಮಡಕೆ, ಮನುಷ್ಯಾಕೃತಿ ಇತ್ಯಾದಿ ಹೆಸರಿಲ್ಲದ ಆಕಾರಗಳಿಗೆ ಸೂತ್ರವಿಲ್ಲ. ಅಲ್ಲಿ ಊಹಿಸಿ ತಿದ್ದುವ ವಿಧಾನವೇ ಗತಿ. ಅರ್ಧ ಎತ್ತರದಲ್ಲಿ ಕತ್ತರಿಸಿ ಕೆಳಗಿನ ಘನಫಲ ಅಳೆಯುವುದು; ಬೇಕಾದದ್ದಕ್ಕಿಂತ ಹೆಚ್ಚಾಯಿತೆ, ಕೆಳಗಿನ ಅರ್ಧದಲ್ಲಿ ಹುಡುಕುವುದು; ಕಡಿಮೆಯಾಯಿತೆ, ಮೇಲಿನ ಅರ್ಧದಲ್ಲಿ. ಎತ್ತರ ಏರಿದಂತೆ ಘನಫಲ ಎಂದೂ ಇಳಿಯುವುದಿಲ್ಲವಾದ್ದರಿಂದ ಈ ಹುಡುಕಾಟ ದಾರಿ ತಪ್ಪುವುದಿಲ್ಲ. ಹತ್ತು ಸಲ ಅರ್ಧಿಸಿದರೆ ಸಾವಿರದಲ್ಲೊಂದು ಪಾಲಿನಷ್ಟು ನಿಖರತೆ, ಇಪ್ಪತ್ತು ಸಲಕ್ಕೆ ಹತ್ತು ಲಕ್ಷದಲ್ಲೊಂದು.

ಪರದೆಯ ಮೇಲೆ ಆಕೃತಿ ಮೂಡಿಸಲು ಆರ್‌ನಲ್ಲಿ 'ಆರ್‌ಜಿಎಲ್' ಎಂಬ ಪ್ಯಾಕೇಜ್ ಇದೆ. ಮೌಸ್ ಹಿಡಿದು ಆಕೃತಿಯನ್ನು ಬೇಕಾದತ್ತ ತಿರುಗಿಸಿ ನೋಡಬಹುದು. ಅಲ್ಲಿ ನಿಜವಾದ ಗೋಳವೇ ಇರುವುದಿಲ್ಲ. ಸಣ್ಣ ಸಣ್ಣ ತ್ರಿಕೋನ, ಚತುಷ್ಕೋನಗಳನ್ನು ಹೊಲಿದು ಮಾಡಿದ ಚಿಪ್ಪು ಗೋಳದ ವೇಷ ಹಾಕಿರುತ್ತದೆ. ದುಂಡನೆಯ ಸಿಲಿಂಡರ್ ಬದಲು 12 ಮುಖದ ಕಂಬ ಮಾಡಿದರೆ ಘನಫಲದಲ್ಲಿ ನೂರಕ್ಕೆ 4.5ರಷ್ಟು ಸೋರಿಹೋಗುತ್ತದೆ. ಅದೃಷ್ಟಕ್ಕೆ ಆ ಸೋರಿಕೆ ಎಲ್ಲ ಮಟ್ಟದಲ್ಲೂ ಸಮನಾಗಿರುವುದರಿಂದ ಪಾಲುಗಳ ಅನುಪಾತ ಕೆಡುವುದಿಲ್ಲ. ಕೆಡುವುದು ಬೇರೆ ಕಡೆ. ಚಿಪ್ಪನ್ನು ಸಮತಲದಿಂದ ಕತ್ತರಿಸಿದಾಗ ಗೆರೆ ಹಾದುಹೋದ ತ್ರಿಕೋನಗಳು ಒಂದು ತ್ರಿಕೋನ, ಒಂದು ಚತುಷ್ಕೋನವಾಗಿ ಒಡೆಯುತ್ತವೆ. ಕತ್ತರಿಸಿದ ಬಾಯಿ ತೆರೆದೇ ಉಳಿಯುತ್ತದೆ, ಒಳಗೆ ಟೊಳ್ಳು. ಅದಕ್ಕೊಂದು ಮುಚ್ಚಳ ಹೊಲಿಯದೆ ಹೋಳುಗಳನ್ನು ಬಿಡಿಸಿಟ್ಟರೆ ಗಟ್ಟಿ ಹೋಳಿನ ಬದಲು ಖಾಲಿ ಬಟ್ಟಲು ಕಾಣುತ್ತದೆ. ಘನಫಲ ಅಳೆಯಲು ಹೊರಟರೂ ಲೆಕ್ಕ ಅಡ್ಡಾದಿಡ್ಡಿ. ಹೊಸಬರ ಹೆಚ್ಚಿನ ವೇಳೆ ಹೋಗುವುದು ಈ ಮುಚ್ಚಳಕ್ಕೇ.

ಮಹಾವೀರನ ಹೊಂಡ, ಕಾವೇರಿಯ ಅಣೆಕಟ್ಟೆ

ಅಡ್ಡಕೊಯ್ತಗಳ ಅಳತೆಯಿಂದ ಘನಫಲ ತೆಗೆಯುವ ಉಪಾಯ ಕನ್ನಡ ನಾಡಿಗೆ ಹೊಸದಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹೊಂಡ ಅಗೆಯುವ ಲೆಕ್ಕಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ಇಳಿಜಾರು ಗೋಡೆಯ ಹೊಂಡಕ್ಕೆ ಅವನು ಎರಡು ಅಂದಾಜು ಹೇಳುತ್ತಾನೆ. ಮೇಲಿನ ಮತ್ತು ಕೆಳಗಿನ ಬಾಹುಗಳ ಸರಾಸರಿ ತೆಗೆದು ವಿಸ್ತೀರ್ಣ ಮಾಡಿ ಆಳದಿಂದ ಗುಣಿಸಿದರೆ ಕರ್ಮಾಂತಿಕ ಫಲ. ಮೇಲಿನ ಮತ್ತು ಕೆಳಗಿನ ವಿಸ್ತೀರ್ಣಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ ಔಂಡ್ರ ಫಲ. ಇವೆರಡರ ವ್ಯತ್ಯಾಸದ ಮೂರನೇ ಒಂದನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮ ಫಲ, ಅಂದರೆ ನಿಖರ ಉತ್ತರ.

ಒಂದು ಚೌಕ ಹೊಂಡ: ಬಾಯಿಯ ಬಾಹು 10 ಮೊಳ, ತಳದ ಬಾಹು 4 ಮೊಳ, ಆಳ 9 ಮೊಳ. ಬಾಹುಗಳ ಸರಾಸರಿ 7, ಅದರ ವರ್ಗ 49, ಆಳದಿಂದ ಗುಣಿಸಿದರೆ 441. ವಿಸ್ತೀರ್ಣಗಳು 100 ಮತ್ತು 16, ಸರಾಸರಿ 58, ಆಳದಿಂದ ಗುಣಿಸಿದರೆ 522. ವ್ಯತ್ಯಾಸ 81, ಅದರ ಮೂರನೇ ಒಂದು 27. ಒಟ್ಟು 468 ಘನ ಮೊಳ. ಇಂದಿನ ಸೂತ್ರ ಹಾಕಿದರೂ 468ಕ್ಕೆ ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ಬ್ರಹ್ಮಗುಪ್ತನಲ್ಲೂ ಇದೇ ಬಗೆಯ ನಿಯಮವಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸಿಂಪ್ಸನ್ ನಿಯಮ ಎಂದು ಕಲಿಯುವುದರ ತಿರುಳೂ ಇದೇ. ಇದೇ ಹೊಂಡಕ್ಕೆ ಅರ್ಧ ಆಳದವರೆಗೆ, ಅಂದರೆ ನಾಲ್ಕೂವರೆ ಮೊಳ ನೀರು ನಿಂತರೆ ಎಷ್ಟು ತುಂಬಿದಂತಾಯಿತು? 139.5 ಘನ ಮೊಳ, ನೂರಕ್ಕೆ 30 ಪಾಲೂ ಇಲ್ಲ.

ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚುಹಾಕುವ ಜಲಾಶಯಗಳ ಮಟ್ಟವನ್ನು ಓದುವಾಗ ಈ ಹೊಂಡ ನೆನಪಿರಬೇಕು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ ಅಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮಟ್ಟ 100 ಅಡಿ ಮುಟ್ಟಿತು ಎಂದರೆ ಐದರಲ್ಲಿ ನಾಲ್ಕು ಪಾಲು ತುಂಬಿತು ಎಂದು ಅನಿಸುವುದು ಸಹಜ. ಆಗ ನೀರು ಅರ್ಧ ಅಣೆಕಟ್ಟೆಯಷ್ಟೂ ಇರುವುದಿಲ್ಲ. ಕಣಿವೆ ಕೆಳಗೆ ಕಿರಿದು, ಮೇಲೆ ಅಗಲ. ಕೊನೆಯ ಕೆಲವು ಅಡಿಗಳಲ್ಲೇ ನೀರಿನ ರಾಶಿ ಇರುವುದು. ಆಲಮಟ್ಟಿಯಲ್ಲಿ ಇನ್ನೊಂದು ತೊಡಕು: ಅಲ್ಲಿನ 519.60 ಮೀಟರ್ ಎಂಬುದು ಸಮುದ್ರಮಟ್ಟದಿಂದ ಅಳೆದದ್ದು. 510 ಮೀಟರ್ ಇದ್ದಾಗ ಅಂಕಿಯ ಮಟ್ಟಿಗೆ ನೂರಕ್ಕೆ 98. ನೀರಿನ ಮಟ್ಟಿಗೆ ಜಲಾಶಯ ತುಂಬಲು ಇನ್ನೂ ಬಹಳ ಬಾಕಿ. ಸೊನ್ನೆಯಿಂದ ಕಂಬ ಎಳೆದು ಈ ಎರಡು ಮಟ್ಟಗಳನ್ನು ಹೋಲಿಸಿದ ಚಿತ್ರಕ್ಕೆ ಅರ್ಥವೇ ಇಲ್ಲ.

ಇಂಜಿನಿಯರುಗಳು ಅಡಿಯನ್ನು ಟಿಎಂಸಿಗೆ ತಿರುಗಿಸುವುದು ಸಾಮರ್ಥ್ಯದ ಕೋಷ್ಟಕ ನೋಡಿ. ಪ್ರತಿ ಮಟ್ಟದಲ್ಲಿ ನೀರು ಎಷ್ಟು ವಿಸ್ತೀರ್ಣಕ್ಕೆ ಹರಡುತ್ತದೆ ಎಂದು ಸಮೀಕ್ಷೆ ಮಾಡಿ, ಬಿಲ್ಲೆ ಬಿಲ್ಲೆಯಾಗಿ ಕೂಡಿಸುತ್ತ ಹೋದರೆ ಆ ಕೋಷ್ಟಕ ತಯಾರು. ಹೂಳು ತುಂಬಿದರೆ ಕೋಷ್ಟಕವೂ ಹಳತಾಗುತ್ತದೆ. ಸುಮಾರು 133 ಟಿಎಂಸಿ ಹಿಡಿಯುವಂತೆ ಕಟ್ಟಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. ಮಟ್ಟ ಅದೇ, ನೀರು ಕಡಿಮೆ.

ಇದೇ ಬಿಲ್ಲೆ ಲೆಕ್ಕ ಆಸ್ಪತ್ರೆಯ ಎಕೋ ವರದಿಯಲ್ಲೂ ಇದೆ. ಅಲ್ಲಿ 'ಇಎಫ್ 60' ಎಂದಿದ್ದರೆ, ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದ ನೂರರಲ್ಲಿ 60 ಪಾಲು ಒಂದು ಬಡಿತಕ್ಕೆ ಹೊರಹೋಗುತ್ತಿದೆ ಎಂದರ್ಥ. ಆ ಕೋಣೆಯನ್ನು ಪರದೆಯ ಮೇಲೆ ಸಾಮಾನ್ಯವಾಗಿ 20 ಬಿಲ್ಲೆಗಳಾಗಿ ಕತ್ತರಿಸಿ, ಹಿಗ್ಗಿದಾಗ ಮತ್ತು ಕುಗ್ಗಿದಾಗ ಘನಫಲ ಎಷ್ಟೆಂದು ಕೂಡಿಸಿ ಈ ಅಂಕಿ ತೆಗೆಯುತ್ತಾರೆ. ಈ ವಿಧಾನಕ್ಕೂ ಸಿಂಪ್ಸನ್ ಹೆಸರೇ ಅಂಟಿಕೊಂಡಿದೆ.

ಕಣ್ಣಿನ ತಕ್ಕಡಿ

ಜಲಾಶಯವೂ ಹೃದಯವೂ ನಿಜವಾಗಿ ಘನಾಕೃತಿಗಳು. ಅಲ್ಲಿ ಘನಫಲವೇ ವಿಷಯ. ತಿಂಗಳ ಖರ್ಚು, ಪೆಟ್ರೋಲಿನ ಬೆಲೆ, ಮೊಬೈಲ್ ಮಾರುಕಟ್ಟೆಯ ಪಾಲು ಘನಾಕೃತಿಗಳಲ್ಲ. ಅವನ್ನು ಪೀಪಾಯಿಗೂ ಚೆಂಡಿಗೂ ತುರುಕುವುದು ನಾವು.

ಅಮೆರಿಕದ 'ಟೈಮ್' ಪತ್ರಿಕೆ 1979ರ ಏಪ್ರಿಲ್‌ನಲ್ಲಿ ಕಚ್ಚಾತೈಲದ ಬೆಲೆಯೇರಿಕೆಯನ್ನು ಸಾಲು ಪೀಪಾಯಿಗಳಾಗಿ ಚಿತ್ರಿಸಿತು. 1973ರಲ್ಲಿ ಪೀಪಾಯಿಗೆ 2.41 ಡಾಲರ್ ಇದ್ದ ಬೆಲೆ 1979ಕ್ಕೆ 13.34 ಡಾಲರ್ ಆಗಿತ್ತು. ಬೆಲೆ ಏರಿದ್ದು ಶೇ 454. ಚಿತ್ರದಲ್ಲಿ ಪೀಪಾಯಿ ಉದ್ದ, ಅಗಲ, ದಪ್ಪ ಮೂರೂ ದಿಕ್ಕಿಗೆ ಬೆಳೆದಿದ್ದರಿಂದ ಅದರ ಘನಫಲ ಏರಿದ್ದು ಶೇ 27,000! ಎಡ್ವರ್ಡ್ ಟಫ್ಟಿ ಅಂಕಿಅಂಶದ ಚಿತ್ರಗಳ ಕುರಿತ 1983ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಇದನ್ನು ಎತ್ತಿ ತೋರಿಸಿ, ಚಿತ್ರ ತೋರಿಸುವ ಏರಿಕೆಯನ್ನು ನಿಜವಾದ ಏರಿಕೆಯಿಂದ ಭಾಗಿಸಿ 'ಸುಳ್ಳಿನ ಅಂಶ' ಎಂಬ ಅಳತೆ ಕೊಟ್ಟ. ಸತ್ಯ ಹೇಳುವ ಚಿತ್ರಕ್ಕೆ ಅದು 1. ಪೀಪಾಯಿಗಳಿಗೆ 59.4.

ಬಾಗಿಸಿಟ್ಟ ಘನ ವೃತ್ತಚಿತ್ರದ (ದಪ್ಪ ಬಿಲ್ಲೆಯಂಥ ಪೈ ಚಾರ್ಟ್) ಮೋಸ ಇನ್ನೂ ನಯವಾದದ್ದು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಅಮೆರಿಕದ ಸ್ಮಾರ್ಟ್‌ಫೋನ್ ಮಾರುಕಟ್ಟೆಯ ಪಾಲುಗಳನ್ನು ತೋರಿಸಿದಾಗ ಆಪಲ್‌ನ ಶೇ 19.5ರ ಹೋಳು ವೀಕ್ಷಕರ ಕಡೆಗೆ ಮುಂದಿತ್ತು. 'ಇತರೆ' ಎಂಬ ಶೇ 21.2ರ ಹೋಳು ಹಿಂದೆ ಸರಿದಿತ್ತು. ಮುಂದಿನ ಹೋಳಿಗೆ ದಪ್ಪದ ಅಂಚೂ ಕಾಣುತ್ತಿದ್ದರಿಂದ ಚಿಕ್ಕ ಪಾಲೇ ದೊಡ್ಡದಾಗಿ ಕಂಡಿತು. ಕೋನಗಳ ಲೆಕ್ಕದಲ್ಲಿ ಅದು ಸರಿಯಾದ ಚಿತ್ರವೇ! ಆರ್‌ಜಿಎಲ್‌ನಲ್ಲಿ ನೋಟದ ಕೋನವನ್ನು ಸೊನ್ನೆಗೆ ಇಳಿಸಿದರೆ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ದೋಷ ಹೋಗುತ್ತದೆ. ಅಂಚಿನ ದಪ್ಪ ಕೊಡುವ ಲಾಭ ಹೋಗುವುದಿಲ್ಲ.

ಎಲ್ಲ ಸರಿಮಾಡಿದರೂ ಕೊನೆಯ ತಕ್ಕಡಿ ಓದುಗನ ಕಣ್ಣು. ಉದ್ದವನ್ನು ನಾವು ಹೆಚ್ಚುಕಡಿಮೆ ಇದ್ದಂತೆಯೇ ಗ್ರಹಿಸುತ್ತೇವೆ; ವಿಸ್ತೀರ್ಣವನ್ನು ಕಡಿಮೆಯಾಗಿ, ಘನಫಲವನ್ನು ಇನ್ನೂ ಕಡಿಮೆಯಾಗಿ. ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1957ರಲ್ಲಿ ಮಂಡಿಸಿದ ಗ್ರಹಿಕೆಯ ನಿಯಮ ಇಂಥದಕ್ಕೆಲ್ಲ ಅಡಿಪಾಯ. ಬೆಲ್ ಲ್ಯಾಬ್ಸ್‌ನ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಚಿತ್ರಗಳನ್ನು ಜನ ಎಷ್ಟು ನಿಖರವಾಗಿ ಓದುತ್ತಾರೆ ಎಂದು ಪರೀಕ್ಷಿಸಿ ಒಂದು ಶ್ರೇಣಿ ಕೊಟ್ಟರು. ಒಂದೇ ಅಳತೆಗೋಲಿನ ಮೇಲಿನ ಸ್ಥಾನಕ್ಕೆ ಮೊದಲ ದರ್ಜೆ. ಆಮೇಲೆ ಉದ್ದ, ಕೋನ, ವಿಸ್ತೀರ್ಣ. ಘನಫಲ ಪಟ್ಟಿಯ ಬುಡದ ಹತ್ತಿರ. ಘನಮೂಲ, ಬೀಟಾ ವಿತರಣೆ, ಮುಚ್ಚಳ ಹೊಲಿಗೆ ಎಂದು ನಾವು ಬೆವರು ಸುರಿಸಿ ಕೂಡಿಟ್ಟ ನಿಖರತೆಯನ್ನು ಓದುಗನ ಕಣ್ಣು ಒಂದೇ ನೋಟಕ್ಕೆ ಕಳೆದುಬಿಡುತ್ತದೆ.

ವಿಯೆನ್ನಾದ ಒಟ್ಟೊ ನ್ಯೂರಾತ್ 1920ರ ದಶಕದಲ್ಲೇ ಇದಕ್ಕೊಂದು ಸರಳ ಪರಿಹಾರ ಹೇಳಿದ್ದ: ಸಂಖ್ಯೆ ದೊಡ್ಡದಾದರೆ ಆಕೃತಿಯನ್ನು ಹಿಗ್ಗಿಸಬೇಡಿ, ಅದೇ ಅಳತೆಯ ಆಕೃತಿಗಳನ್ನು ಹೆಚ್ಚು ಸಲ ಬರೆಯಿರಿ. ಎಣಿಸಲು ಬರುವ ಯಾರಿಗೂ ಮೋಸವಾಗುವುದಿಲ್ಲ.

ಹಾಗಾದರೆ ಘನಾಕೃತಿಗಳನ್ನು ಕತ್ತರಿಸುವ ವಿದ್ಯೆ ವ್ಯರ್ಥವೇ? ಅಲ್ಲ. ನೀರು, ಧಾನ್ಯ, ಮಣ್ಣು, ರಕ್ತ, ಗೆಡ್ಡೆ ಹೀಗೆ ವಸ್ತುವೇ ಘನವಾಗಿರುವ ಕಡೆ ಅದಕ್ಕೆ ಬದಲಿಯಿಲ್ಲ. ಚಿತ್ರ ಬರೆಯುವ ಗೆಳೆಯರಲ್ಲಿ ಮನವಿ ಇಷ್ಟು. ವಿಷಯ ಘನವಾಗಿದ್ದರೆ ಮಾತ್ರ ಆಕೃತಿಯೂ ಘನವಾಗಿರಲಿ. ಇಲ್ಲದಿದ್ದರೆ ಮೂರು ಅಂಕಿಗಳನ್ನು ಹೇಳಲು ಚಪ್ಪಟೆಯಾದ ಮೂರು ಪಟ್ಟಿಗಳು ಧಾರಾಳ ಸಾಕು. ಘನಾಕೃತಿ ಬೇಕೇಬೇಕು ಎಂದು ಸಂಪಾದಕರು ಹಟ ಹಿಡಿದರೆ, ಪ್ರತಿ ಹೋಳಿನ ಮೇಲೆ ಅಂಕಿ ಬರೆದು, ಪಾಲು ಮಾಡಿರುವುದು ಘನಫಲವನ್ನೋ ಮೇಲ್ಮೈಯನ್ನೋ ಎಂದು ಕೆಳಗೆ ಒಂದು ಸಾಲು ಸೇರಿಸಿ. ಆ ಒಂದು ಸಾಲು ಇಲ್ಲದ ಚಿತ್ರವನ್ನು ಓದುಗರು ಅಲಂಕಾರವೆಂದು ನೋಡಿ ಬಿಡಲಿ. ಲೆಕ್ಕವೆಂದು ನಂಬುವುದು ಬೇಡ.